ಪಿಎಚ್‌ಸಿಯ ಸಕ್ಕರೆ ಕಾಯಿಲೆ ಸೇವೆ ಬದಲಾಯಿಸಿದಿರಿ, ಸುಧಾರಿಸಿತಾ? ಅಳೆಯುವ ಸಮಗ್ರ ಮಾರ್ಗದರ್ಶಿ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ (ಪಿಎಚ್‌ಸಿ) ಸಕ್ಕರೆ ಕಾಯಿಲೆಯ ಸೇವೆಗೆ ಆಗಾಗ ಹೊಸ ಏರ್ಪಾಡು ಬರುತ್ತದೆ. ಒಂದು ಕಡೆ ಸಂತೆಯ ದಿನವೇ ಶುಗರ್ ಕ್ಲಿನಿಕ್ ಇಡುತ್ತಾರೆ. ಇನ್ನೊಂದು ಕಡೆ 15 ದಿನದ ಬದಲು ಇಡೀ ತಿಂಗಳ ಗುಳಿಗೆ ಒಮ್ಮೆಗೇ ಕೊಡುತ್ತಾರೆ. ಮತ್ತೊಂದು ಕಡೆ ಗುಳಿಗೆ ಕೊಡುವ ಕೆಲಸ ಉಪಕೇಂದ್ರದ ಸಿಎಚ್‌ಒ (ಸಮುದಾಯ ಆರೋಗ್ಯ ಅಧಿಕಾರಿ) ಕೈಗೆ ಹೋಗುತ್ತದೆ. ಆರು ತಿಂಗಳಾದ ಮೇಲೆ ವರದಿ ಬರುತ್ತದೆ: ಸಕ್ಕರೆ ಹತೋಟಿಯಲ್ಲಿ ಇರುವವರ ಪ್ರಮಾಣ ಜಾಸ್ತಿಯಾಗಿದೆ. ಯಾರ ಪೈಕಿ ಜಾಸ್ತಿಯಾಯಿತು, ಈ ಬದಲಾವಣೆಯಿಂದಲೇ ಆಯಿತಾ ಅಂತ ಕೇಳಿದರೆ ಉತ್ತರ ಇರುವುದಿಲ್ಲ.

ಇಂಥ ವರದಿಗಳು ಎಡವುವುದು ಹೆಚ್ಚಾಗಿ ಒಂದೇ ಜಾಗದಲ್ಲಿ. ಬಂದವರನ್ನು ಎಣಿಸುತ್ತಾರೆ, ಬಾರದವರನ್ನು ಬಿಡುತ್ತಾರೆ. ಹಾಗಾಗಿ ಈ ಮಾರ್ಗದರ್ಶಿಯಲ್ಲಿ 3ನೇ ಹಂತ ಎಲ್ಲಕ್ಕಿಂತ ಉದ್ದವಾಗಿದೆ. ಸಮಯ ಇಲ್ಲದವರು ಅದೊಂದನ್ನಾದರೂ ಪೂರ್ತಿ ಓದಿ.

ಇದು ವೈದ್ಯಾಧಿಕಾರಿ, ಸಿಎಚ್‌ಒ, ಪಿಎಚ್‌ಸಿಒ (ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ), ತಾಲ್ಲೂಕು ಕಚೇರಿಯ ಸಿಬ್ಬಂದಿ, ಸಮುದಾಯ ವೈದ್ಯಶಾಸ್ತ್ರ ಓದುತ್ತಿರುವ ಪಿಜಿ ವಿದ್ಯಾರ್ಥಿಗಳಿಗೆ ಬರೆದದ್ದು. ದೊಡ್ಡ ಸಾಫ್ಟ್‌ವೇರ್ ಬೇಕಿಲ್ಲ.

## ಮೊದಲು ಕೈಗೆ ತೆಗೆದುಕೊಳ್ಳಬೇಕಾದದ್ದು

- ಎನ್‌ಸಿಡಿ (ಸಕ್ಕರೆ, ಬಿಪಿಯಂಥ ಸಾಂಕ್ರಾಮಿಕವಲ್ಲದ ಕಾಯಿಲೆಗಳ) ರಿಜಿಸ್ಟರ್, ಎನ್‌ಸಿಡಿ ಪೋರ್ಟಲ್‌ನಿಂದ ಇಳಿಸಿಕೊಂಡ ಪಟ್ಟಿ, ಒಪಿಡಿ (ಹೊರರೋಗಿ) ರಿಜಿಸ್ಟರ್
- ಔಷಧ ದಾಸ್ತಾನು ಪುಸ್ತಕ ಮತ್ತು ಲ್ಯಾಬ್ ರಿಜಿಸ್ಟರ್, ಕನಿಷ್ಠ ಹಿಂದಿನ 12 ತಿಂಗಳದ್ದು
- ಒಂದು ಎಕ್ಸೆಲ್ ಹಾಳೆ, ಅದು ಬರದಿದ್ದರೆ ಉದ್ದ ಗೆರೆಯ ನೋಟ್‌ಬುಕ್ಕು
- ಗ್ರಾಫ್ ಹಾಳೆ, ಸ್ಕೇಲು, ಪೆನ್ಸಿಲ್ಲು
- ವಾರಕ್ಕೆ ಅರ್ಧ ದಿನ ಇದಕ್ಕೇ ಅಂತ ಬಿಡುವು ಇರುವ ಒಬ್ಬರು

ಕೊನೆಯದೇ ಕಷ್ಟದ್ದು. ಎಲ್ಲರೂ ಸೇರಿ ಮಾಡೋಣ ಅಂದ ಕೆಲಸವನ್ನು ಯಾರೂ ಮಾಡುವುದಿಲ್ಲ. ಒಬ್ಬರ ಹೆಸರನ್ನು ಕಾಗದದ ಮೇಲೆ ಬರೆದು ವೈದ್ಯಾಧಿಕಾರಿಯ ಸಹಿ ಹಾಕಿಸಿ.

ಇನ್ನೊಂದು ಮಾತು. ಇದನ್ನು ಪ್ರಬಂಧವಾಗಿ ಪ್ರಕಟಿಸುವ ಅಥವಾ ಥೀಸಿಸ್‌ಗೆ ಬಳಸುವ ಯೋಚನೆ ಇದ್ದರೆ ಕಾಲೇಜಿನ ಎಥಿಕ್ಸ್ ಸಮಿತಿಯ ಒಪ್ಪಿಗೆಯನ್ನು ಕೆಲಸ ಶುರು ಮಾಡುವ ಮೊದಲೇ ಪಡೆಯಿರಿ. ಮುಗಿದ ಮೇಲೆ ಕೇಳಿದರೆ ಸಿಗುವುದಿಲ್ಲ. ಬಾಗಲಕೋಟೆಯ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು, ವಿಜಯಪುರದ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜು, ಬೆಳಗಾವಿಯ ಬಿಮ್ಸ್ ಮತ್ತು ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜು, ಎಲ್ಲ ಕಡೆಯೂ ಸಮುದಾಯ ವೈದ್ಯಶಾಸ್ತ್ರ ವಿಭಾಗವಿದೆ. ಲೆಕ್ಕದಲ್ಲಿ ಸಿಕ್ಕಿಬಿದ್ದಾಗ ಅಲ್ಲಿ ಕೇಳಬಹುದು.

## ಹಂತ 1: ಬದಲಾವಣೆ ಏನು ಅಂತ ಒಂದೇ ವಾಕ್ಯದಲ್ಲಿ ಬರೆಯಿರಿ

"ಸೇವೆ ಉತ್ತಮಪಡಿಸಿದೆವು" ಅನ್ನುವುದನ್ನು ಅಳೆಯಲು ಆಗುವುದಿಲ್ಲ. "ಜೂನ್ 1ರಿಂದ ನಾಲ್ಕು ಉಪಕೇಂದ್ರಗಳಲ್ಲಿ, ಈಗಾಗಲೇ ಗುಳಿಗೆ ತಿನ್ನುತ್ತಿರುವ ಸಕ್ಕರೆ ಕಾಯಿಲೆಯವರಿಗೆ, ಸಿಎಚ್‌ಒ ಅವರೇ 30 ದಿನದ ಗುಳಿಗೆ ಕೊಡುತ್ತಾರೆ" ಅನ್ನುವುದನ್ನು ಅಳೆಯಬಹುದು. ಯಾವತ್ತಿನಿಂದ, ಎಲ್ಲಿ, ಯಾರಿಗೆ, ಯಾರು, ಏನು ಅನ್ನುವ ಐದೂ ಅದರಲ್ಲಿ ಬರಬೇಕು.

ಅದರ ಕೆಳಗೆ, ಈ ಬದಲಾವಣೆ ಯಾವ ದಾರಿಯಲ್ಲಿ ಫಲ ಕೊಡಬಹುದು ಅಂತ ಬರೆಯಿರಿ. ದೂರ ಕಡಿಮೆಯಾಗುತ್ತದೆ, ಕೂಲಿ ತಪ್ಪುವುದಿಲ್ಲ, ಗುಳಿಗೆ ತಪ್ಪದೆ ಸಿಗುತ್ತದೆ, ಜನ ತಪ್ಪದೆ ತಿನ್ನುತ್ತಾರೆ, ಸಕ್ಕರೆ ಇಳಿಯುತ್ತದೆ. ಮುಂದೆ ಸಕ್ಕರೆ ಇಳಿಯದಿದ್ದರೆ ಈ ಸರಪಳಿಯಲ್ಲಿ ಯಾವ ಕೊಂಡಿ ಕಳಚಿತು ಅಂತ ಹುಡುಕಲು ಇದೇ ಬೇಕಾಗುತ್ತದೆ.

ಎಚ್ಚರಿಕೆ: ಅದೇ ತಿಂಗಳು ಬೇರೇನಾದರೂ ಶುರುವಾಗುತ್ತಿದೆಯಾ ನೋಡಿ. ಗೃಹ ಆರೋಗ್ಯ ಯೋಜನೆಯಡಿ ಮನೆ ಮನೆ ತಪಾಸಣೆ, ಹೊಸ ವೈದ್ಯರು ಬಂದದ್ದು, ಹೊಸ ಗ್ಲುಕೋಮೀಟರ್ ಬಂದದ್ದು, ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಎರಡು ಬದಲಾವಣೆ ಒಟ್ಟಿಗೆ ಬಂದರೆ ಯಾವುದರಿಂದ ಏನಾಯಿತು ಹೇಳಲಾಗದು. ಸಾಧ್ಯವಾದರೆ ಒಂದನ್ನು ಮೂರು ತಿಂಗಳು ಮುಂದೆ ಹಾಕಿ.

## ಹಂತ 2: ಯಾವುದನ್ನು ಸೋಲು ಅನ್ನುತ್ತೀರಿ ಅಂತ ಮೊದಲೇ ನಿರ್ಧರಿಸಿ

ಅಂಕಿ ಬಂದ ಮೇಲೆ ಗೆಲುವಿನ ಗೆರೆ ಎಳೆದರೆ ಎಲ್ಲರೂ ಗೆಲ್ಲುತ್ತಾರೆ. ಶುರು ಮಾಡುವ ಮೊದಲೇ ತಂಡದವರು ಕೂತು, "12 ತಿಂಗಳಲ್ಲಿ ಒಟ್ಟು ಪಟ್ಟಿಯ ಪೈಕಿ ಹತೋಟಿಯಲ್ಲಿ ಇರುವವರು ಕನಿಷ್ಠ ಇಷ್ಟು ಶೇಕಡ ಹೆಚ್ಚದಿದ್ದರೆ ಇದು ಫಲ ಕೊಟ್ಟಿಲ್ಲ" ಅಂತ ಬರೆಯಿರಿ. ದಿನಾಂಕ ಹಾಕಿ, ಸಹಿ ಮಾಡಿ, ಫೈಲಿನಲ್ಲಿ ಇಡಿ.

ಆ ಅಂಕಿ ಎಷ್ಟಿರಬೇಕು? ಸಿಬ್ಬಂದಿಗೆ ಆಗುವ ಹೆಚ್ಚಿನ ಕೆಲಸಕ್ಕೆ ತಕ್ಕ ಲಾಭ ಯಾವುದು ಅಂತ ನೀವೇ ಚರ್ಚಿಸಬೇಕು. ಪಿಎಚ್‌ಸಿಒಗಳನ್ನೂ ಆ ಚರ್ಚೆಗೆ ಕೂರಿಸಿ. ಹೊರೆ ಹೊರುವವರು ಅವರು.

## ಹಂತ 3: ಒಟ್ಟು ಪಟ್ಟಿಯನ್ನು ಗಟ್ಟಿ ಮಾಡಿ

ಒಂದು ಲೆಕ್ಕ ನೋಡೋಣ. ಅಂಕಿಗಳು ಬರೀ ಉದಾಹರಣೆಗೆ. ಒಂದು ಪಿಎಚ್‌ಸಿಯಲ್ಲಿ 400 ಸಕ್ಕರೆ ಕಾಯಿಲೆಯವರು ನೋಂದಾಯಿಸಿದ್ದಾರೆ. ಬದಲಾವಣೆಗೆ ಮೊದಲಿನ ಮೂರು ತಿಂಗಳಲ್ಲಿ 180 ಜನ ಬಂದರು, ಅವರಲ್ಲಿ 108 ಜನರ ಸಕ್ಕರೆ ಹತೋಟಿಯಲ್ಲಿತ್ತು. ಬದಲಾವಣೆ ಆದ ಮೇಲೆ 150 ಜನ ಬಂದರು, 99 ಜನರದ್ದು ಹತೋಟಿಯಲ್ಲಿತ್ತು.

ಬಂದವರನ್ನಷ್ಟೇ ಲೆಕ್ಕ ಹಾಕಿದರೆ ಹತೋಟಿ ಶೇ 60ರಿಂದ ಶೇ 66ಕ್ಕೆ ಏರಿದೆ. ಚಪ್ಪಾಳೆ ಬೀಳುತ್ತದೆ. 400 ಜನರ ಪೈಕಿ ಲೆಕ್ಕ ಹಾಕಿದರೆ ಶೇ 27ರಿಂದ ಶೇ 25ಕ್ಕೆ ಇಳಿದಿದೆ. ಗುಳಿಗೆ ಬಿಟ್ಟವರು, ಕಾಲು ಬಾತು ಮನೆಯಲ್ಲಿ ಮಲಗಿದವರು, ಬಸ್ಸಿಗೆ ದುಡ್ಡಿಲ್ಲದವರು ಬರುವುದನ್ನೇ ನಿಲ್ಲಿಸಿದರೆ ಕ್ಲಿನಿಕ್ಕಿನ ಅಂಕಿ ತಾನಾಗಿಯೇ ಚೆಂದ ಕಾಣುತ್ತದೆ. ಇದೇ ಈ ಕೆಲಸದ ದೊಡ್ಡ ಅಪಾಯ. ಕೆಟ್ಟು ಹೋಗುತ್ತಿರುವ ಸೇವೆಯೂ ಕಾಗದದ ಮೇಲೆ ಸುಧಾರಿಸಿದಂತೆ ಕಾಣುತ್ತದೆ.

ಪಟ್ಟಿ ಮಾಡುವ ಕ್ರಮ ಹೀಗಿರಲಿ.

ಮೊದಲು ಎಲ್ಲ ಹೆಸರು ಒಂದೇ ಹಾಳೆಗೆ. ಎನ್‌ಸಿಡಿ ರಿಜಿಸ್ಟರ್, ಪೋರ್ಟಲ್ ಪಟ್ಟಿ, ಔಷಧ ಪುಸ್ತಕದಲ್ಲಿ ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ತೆಗೆದುಕೊಂಡವರು, ಮೂರನ್ನೂ ಸೇರಿಸಿ. ಒಂದರಲ್ಲಿ ಇರುವವರು ಇನ್ನೊಂದರಲ್ಲಿ ಇರುವುದಿಲ್ಲ.

ಆಮೇಲೆ ಎರಡೆರಡು ಸಲ ಬಂದ ಹೆಸರು ತೆಗೆಯಿರಿ. ಇಲ್ಲಿ ತಾಳ್ಮೆ ಬೇಕು. ಒಂದೇ ಊರಿನಲ್ಲಿ ಅದೇ ಹೆಸರು, ಅದೇ ಅಡ್ಡಹೆಸರಿನ ನಾಲ್ಕು ಜನ ಇರುತ್ತಾರೆ. ನಿಪ್ಪಾಣಿ, ಖಾನಾಪುರ, ಅಥಣಿ ಕಡೆ ಒಂದೇ ಹೆಸರು ಕನ್ನಡದಲ್ಲಿ ಒಂದು ಥರ, ಮರಾಠಿ ಉಚ್ಚಾರದಲ್ಲಿ ಇನ್ನೊಂದು ಥರ ದಾಖಲಾಗಿರುತ್ತದೆ. ಒಬ್ಬ ಹೆಣ್ಣುಮಗಳು ಒಂದು ಕಡೆ ತಂದೆಯ ಹೆಸರಿನಿಂದ, ಇನ್ನೊಂದು ಕಡೆ ಗಂಡನ ಹೆಸರಿನಿಂದ ಇರುತ್ತಾರೆ. ಹೆಸರೊಂದನ್ನೇ ನಂಬಬೇಡಿ. ಆಭಾ (ಆರೋಗ್ಯ ಖಾತೆಯ) ಸಂಖ್ಯೆ, ವಯಸ್ಸು, ಮೊಬೈಲ್ ನಂಬರ್, ಓಣಿ ಇವುಗಳಲ್ಲಿ ಎರಡಾದರೂ ಹೊಂದಬೇಕು. ಮೊಬೈಲ್ ನಂಬರ್ ಮಗನದ್ದೋ ಆಶಾ ಅವರದ್ದೋ ಆಗಿರಬಹುದು, ಅದೂ ನೆನಪಿರಲಿ. ಸಂಶಯ ಉಳಿದ ಹೆಸರುಗಳನ್ನು ಆಶಾ ಸಭೆಯಲ್ಲಿ ಗಟ್ಟಿಯಾಗಿ ಕೂಗಬೇಡಿ, ಆಯಾ ಓಣಿಯ ಆಶಾ ಅವರ ಜೊತೆ ಪ್ರತ್ಯೇಕವಾಗಿ ಕೂತು ಬಿಡಿಸಿಕೊಳ್ಳಿ. ಕಾಯಿಲೆಯ ವಿಷಯ ಊರಿಗೆಲ್ಲ ಗೊತ್ತಾಗಬಾರದು.

ಒಂದು ದಿನ ಪಟ್ಟಿ ಮುಚ್ಚಿ. ಬದಲಾವಣೆ ಶುರುವಾಗುವ ಹಿಂದಿನ ದಿನ ಪಟ್ಟಿಯಲ್ಲಿ ಇದ್ದವರೇ ನಿಮ್ಮ ಮುಖ್ಯ ಗುಂಪು. ಆಮೇಲೆ ಸೇರಿದವರನ್ನು ಬೇರೆ ಹಾಳೆಯಲ್ಲಿ ಬರೆಯಿರಿ. ಕಾರಣ ಇದೆ. 30 ವರ್ಷ ದಾಟಿದವರ ತಪಾಸಣೆ ಜೋರಾಗಿ ನಡೆದರೆ ಕಾಯಿಲೆ ಈಗಷ್ಟೇ ಶುರುವಾದವರು, ಸಕ್ಕರೆ ಸ್ವಲ್ಪವೇ ಜಾಸ್ತಿ ಇರುವವರು ನೂರಾರು ಸಂಖ್ಯೆಯಲ್ಲಿ ಸೇರುತ್ತಾರೆ. ಅವರದ್ದು ಬೇಗ ಹತೋಟಿಗೆ ಬರುತ್ತದೆ. ಎಲ್ಲರನ್ನೂ ಕಲಸಿದರೆ ಹಳೆಯ ರೋಗಿಗಳಿಗೆ ಏನೂ ಆಗದಿದ್ದರೂ ಒಟ್ಟು ಅಂಕಿ ಏರುತ್ತದೆ.

ಪ್ರತಿಯೊಬ್ಬರ ಮುಂದೆ ಒಂದು ಸ್ಥಿತಿ ಬರೆಯಿರಿ. ಬರುತ್ತಿದ್ದಾರೆ, ಮೂರು ತಿಂಗಳಿಂದ ಬಂದಿಲ್ಲ, ಬೇರೆ ಕಡೆ ಚಿಕಿತ್ಸೆ, ದುಡಿಯಲು ಹೋಗಿದ್ದಾರೆ, ಊರು ಬಿಟ್ಟಿದ್ದಾರೆ, ತೀರಿಕೊಂಡಿದ್ದಾರೆ. ನಮ್ಮ ಭಾಗದಲ್ಲಿ ನಡುವಿನ ಎರಡು ಬಹಳ ಮುಖ್ಯ. ಅಥಣಿ, ಕಾಗವಾಡ ಕಡೆಯವರು ಮಿರಜಕ್ಕೆ ಹೋಗುತ್ತಾರೆ, ಇಂಡಿ, ಚಡಚಣದವರು ಸೊಲ್ಲಾಪುರಕ್ಕೆ ಹೋಗುತ್ತಾರೆ. ಅವರು ಚಿಕಿತ್ಸೆ ಬಿಟ್ಟವರಲ್ಲ, ನಮ್ಮ ರಿಜಿಸ್ಟರಿಗೆ ಕಾಣದವರು. ಮನೆಗೆ ಹೋದಾಗ ಅಲ್ಲಿನ ಚೀಟಿ ನೋಡಿ, ಕೊನೆಯ ರಿಪೋರ್ಟಿನ ದಿನಾಂಕ ಮತ್ತು ಅಂಕಿ ಬರೆದುಕೊಳ್ಳಿ. ಗೋವಾ, ಮಹಾರಾಷ್ಟ್ರ, ಮಂಗಳೂರಿಗೆ ದುಡಿಯಲು ಹೋದವರನ್ನು ಪಟ್ಟಿಯಿಂದ ತೆಗೆಯಲೇಬೇಡಿ. ಕಬ್ಬು ಕಡಿಯುವ ಗ್ಯಾಂಗಿನ ಜೊತೆ ಹೋದವರಿಗೆ ಹೋಗುವ ಮೊದಲು ಎರಡು ಮೂರು ತಿಂಗಳ ಗುಳಿಗೆ ಕೊಟ್ಟಿದ್ದೀರಾ ಅನ್ನುವುದೇ ನಿಮ್ಮ ಸೇವೆಯ ನಿಜವಾದ ಪರೀಕ್ಷೆ.

ಪಟ್ಟಿಯಿಂದ ಹೊರಗೆ ಹೋಗುವವರು ತೀರಿಕೊಂಡವರು ಮತ್ತು ಊರನ್ನೇ ಬಿಟ್ಟವರು ಮಾತ್ರ. ಅವರ ಸಂಖ್ಯೆಯನ್ನೂ ವರದಿಯಲ್ಲಿ ಕೊಡಿ. ಉಳಿದ ಎಲ್ಲರೂ ಛೇದದಲ್ಲೇ ಇರಬೇಕು. ಬಾರದವರನ್ನು "ಹತೋಟಿಯಲ್ಲಿ ಇಲ್ಲ" ಅಂತಲೇ ಎಣಿಸಿ.

"ಅವರದ್ದು ಹತೋಟಿಯಲ್ಲಿ ಇದ್ದರೂ ಇರಬಹುದಲ್ಲ ಸರ್, ಇದು ನಮಗೆ ಅನ್ಯಾಯ" ಅಂತ ಸಿಬ್ಬಂದಿ ಹೇಳುತ್ತಾರೆ. ಮಾತು ಸರಿ. ಅದಕ್ಕೆ ಎರಡೂ ಅಂಕಿ ಕೊಡಿ: ಬಂದವರ ಪೈಕಿ ಎಷ್ಟು, ಒಟ್ಟು ಪಟ್ಟಿಯ ಪೈಕಿ ಎಷ್ಟು. ಎರಡನೆಯದು ಮೊದಲು ಬರಲಿ.

## ಹಂತ 4: ಕೆಲವೇ ಅಳತೆಗಳನ್ನು ಆರಿಸಿ

ಇಪ್ಪತ್ತು ಅಳತೆ ಇಟ್ಟುಕೊಂಡವರು ಮೂರನೇ ತಿಂಗಳಿಗೆ ಕೈಬಿಡುತ್ತಾರೆ. ಈ ಆರು ಸಾಕು:

1. ಗುಳಿಗೆ ಖಾಲಿಯಾಗಿದ್ದ ದಿನಗಳು: ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಪ್ರತಿಯೊಂದಕ್ಕೂ ತಿಂಗಳಿಗೆ ಎಷ್ಟು ದಿನ.
2. ಒಟ್ಟು ಪಟ್ಟಿಯಲ್ಲಿ ಈ ಮೂರು ತಿಂಗಳಲ್ಲಿ ಒಮ್ಮೆಯಾದರೂ ಬಂದವರು.
3. ವರ್ಷದಲ್ಲಿ ಒಮ್ಮೆ ಪಾದ ಪರೀಕ್ಷೆ ಆದವರು. 10 ಗ್ರಾಂ ಮಾನೊಫಿಲಮೆಂಟ್ (ಪಾದಕ್ಕೆ ಸ್ಪರ್ಶ ಗೊತ್ತಾಗುತ್ತದಾ ನೋಡುವ ಎಳೆ) ಇಲ್ಲದಿದ್ದರೆ ಚಪ್ಪಲಿ ಬಿಚ್ಚಿಸಿ ಬೆರಳ ಸಂದಿ ನೋಡಿದ್ದನ್ನಾದರೂ ಬರೆಯಿರಿ, ಆದರೆ ಎರಡನ್ನೂ ಬೇರೆ ಬೇರೆ ಕಾಲಮ್ಮಿನಲ್ಲಿ.
4. ಸಕ್ಕರೆ ಹತೋಟಿ: ಆ ಮೂರು ತಿಂಗಳ ಕೊನೆಯ ಭೇಟಿಯಲ್ಲಿ ಖಾಲಿ ಹೊಟ್ಟೆಯ ಸಕ್ಕರೆ ಡೆಸಿಲೀಟರಿಗೆ 126 ಮಿ.ಗ್ರಾಂಗಿಂತ ಕಡಿಮೆ, ಅಥವಾ ಎಚ್‌ಬಿಎ1ಸಿ (ಸಕ್ಕರೆಯ ಸರಾಸರಿ ಹೇಳುವ ರಕ್ತ ಪರೀಕ್ಷೆ) ಶೇ 7ಕ್ಕಿಂತ ಕಡಿಮೆ.
5. ಬಿಪಿ ಹತೋಟಿ: 140/90ಕ್ಕಿಂತ ಕಡಿಮೆ.
6. ಸಕ್ಕರೆ ವಿಪರೀತ ಇಳಿದ ಘಟನೆಗಳು: 70 ಮಿ.ಗ್ರಾಂಗಿಂತ ಕಡಿಮೆ, ಅಥವಾ ಬೆವತು ನಡುಗಿ ಸಕ್ಕರೆ ತಿನ್ನಿಸಬೇಕಾಗಿ ಬಂದದ್ದು.

ಆರನೆಯದನ್ನು ಎಲ್ಲರೂ ಮರೆಯುತ್ತಾರೆ. ಹತೋಟಿ ಹೆಚ್ಚಿಸುವ ಭರದಲ್ಲಿ ಗ್ಲಿಮೆಪಿರೈಡ್ ಪ್ರಮಾಣ ಏರಿಸಿದರೆ ವಯಸ್ಸಾದವರಿಗೆ ಸಕ್ಕರೆ ಇಳಿದು ಬೀಳುವ ಅಪಾಯ ಹೆಚ್ಚುತ್ತದೆ. ರಂಜಾನ್ ಉಪವಾಸ, ಶ್ರಾವಣ ಸೋಮವಾರದ ಒಪ್ಪೊತ್ತು ಇದ್ದಾಗ ಇನ್ನೂ ಹೆಚ್ಚು. ತುಂಬ ವಯಸ್ಸಾದವರಿಗೆ ಗುರಿಯನ್ನೇ ಸಡಿಲಗೊಳಿಸಬೇಕಾಗುತ್ತದೆ. ಅದನ್ನು ವೈದ್ಯರು ಅವರ ಕಾರ್ಡಿನಲ್ಲೇ ಬರೆಯಲಿ.

ಪಾದ ಕತ್ತರಿಸುವುದು, ಕಿಡ್ನಿ ಹೋಗುವುದು, ಕಣ್ಣು ಹೋಗುವುದು ಇವನ್ನು ಒಂದು ಪಿಎಚ್‌ಸಿಯಲ್ಲಿ ಒಂದು ವರ್ಷದಲ್ಲಿ ಅಳೆಯಲು ಹೋಗಬೇಡಿ. ಅವು ವರ್ಷಗಟ್ಟಲೆ ಕಾಲದಲ್ಲಿ ಆಗುವಂಥವು. ಒಂದು ಎರಡಾದರೂ, ಎರಡು ಒಂದಾದರೂ ಏನೂ ಹೇಳಲಾಗದು.

## ಹಂತ 5: ಅಳೆಯುವ ಸಾಧನವನ್ನೇ ಮೊದಲು ಅಳೆಯಿರಿ

ಬಾಗಲಕೋಟೆ, ವಿಜಯಪುರದಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಗ್ಲುಕೋಮೀಟರ್ ಸ್ಟ್ರಿಪ್ಪುಗಳನ್ನು ಸಾಮಾನ್ಯವಾಗಿ 30 ಡಿಗ್ರಿಯೊಳಗೆ ಇಡಬೇಕು ಅಂತ ಡಬ್ಬಿಯ ಮೇಲೇ ಬರೆದಿರುತ್ತದೆ. ಅದೇ ಡಬ್ಬಿ ಆಶಾ ಅವರ ಚೀಲದಲ್ಲಿ, ಜೀಪಿನ ಡ್ಯಾಶ್‌ಬೋರ್ಡಿನ ಮೇಲೆ ದಿನವಿಡೀ ಇರುತ್ತದೆ. ಆ ಅಂಕಿಯನ್ನು ಹೇಗೆ ನಂಬುವುದು? ಸ್ಟ್ರಿಪ್ ಡಬ್ಬಿ ತೆರೆದ ದಿನಾಂಕವನ್ನು ಮುಚ್ಚಳದ ಮೇಲೆ ಬರೆಯಿರಿ. ಸ್ಟ್ರಿಪ್ ತೆಗೆದ ಕೂಡಲೇ ಮುಚ್ಚಿ. ಬೇಸಿಗೆಯಲ್ಲಿ ಆ ದಿನಕ್ಕೆ ಬೇಕಾದಷ್ಟನ್ನೇ, ಅದರ ಡಬ್ಬಿಯಲ್ಲೇ, ನೆರಳಿನಲ್ಲಿ ಒಯ್ಯಿರಿ.

ತಿಂಗಳಿಗೊಮ್ಮೆ ಒಂದು ಪರೀಕ್ಷೆ ಮಾಡಿ. ಖಾಲಿ ಹೊಟ್ಟೆಯಲ್ಲಿ ಬಂದ ಹತ್ತು ಜನರಿಗೆ ಬೆರಳಿನ ರಕ್ತವನ್ನು ಮೀಟರಿನಲ್ಲಿ, ರಕ್ತನಾಳದ ರಕ್ತವನ್ನು ಲ್ಯಾಬಿನಲ್ಲಿ ಒಂದೇ ಹೊತ್ತಿಗೆ ನೋಡಿ. ಲ್ಯಾಬಿನ ಅಂಕಿ 100 ಅಥವಾ ಅದಕ್ಕಿಂತ ಹೆಚ್ಚಿದ್ದಾಗ ಮೀಟರಿನ ಅಂಕಿ ಶೇ 15ರಷ್ಟು ಮೇಲೆ ಅಥವಾ ಕೆಳಗೆ, ಅಷ್ಟರೊಳಗೆ ಇರಬೇಕು. ಲ್ಯಾಬಿನಲ್ಲಿ 200 ಇದ್ದರೆ ಮೀಟರಿನಲ್ಲಿ 170ರಿಂದ 230. ಹತ್ತರಲ್ಲಿ ಎರಡು ಮೂರು ಹೊರಗೆ ಬಿದ್ದರೆ ಮೀಟರ್ ಅಥವಾ ಸ್ಟ್ರಿಪ್ ಬದಲಿಸಿ, ಆ ದಿನಾಂಕ ಬರೆದಿಡಿ.

ಲ್ಯಾಬ್ ಕೂಡ ತಪ್ಪಬಹುದು. ಉಪಕೇಂದ್ರದಲ್ಲಿ ತೆಗೆದ ರಕ್ತ ಸಾದಾ ಟ್ಯೂಬಿನಲ್ಲಿ ಕೂತರೆ ಅದರಲ್ಲಿನ ಸಕ್ಕರೆ ಗಂಟೆಗೆ ಸುಮಾರು ಶೇ 5ರಿಂದ 7ರಷ್ಟು ಇಳಿಯುತ್ತದೆ. ಎರಡು ಮೂರು ಗಂಟೆ ತಡವಾದರೆ ರೋಗಿಯ ಸಕ್ಕರೆ ಗುಳಿಗೆ ಇಲ್ಲದೆಯೇ ಹತೋಟಿಗೆ ಬಂದಂತೆ ಕಾಣುತ್ತದೆ. ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬ್ ಬಳಸಿ, ಬೇಗ ತಲುಪಿಸಿ.

ಖಾಲಿ ಹೊಟ್ಟೆ ಅನ್ನುವುದನ್ನೂ ಕೇಳುವ ರೀತಿಯಲ್ಲಿ ಕೇಳಬೇಕು. "ಏನಾದರೂ ತಿಂದಿದ್ದೀರಾ" ಅಂದರೆ "ಇಲ್ರಿ" ಅನ್ನುತ್ತಾರೆ. "ಚಹಾ?" ಅಂದರೆ "ಚಾ ಅಷ್ಟ ಕುಡದೀನ್ರಿ" ಅನ್ನುತ್ತಾರೆ. ಹಾಲು, ಸಕ್ಕರೆ ಹಾಕಿದ ಚಹಾ ಕುಡಿದರೆ ಅದು ಖಾಲಿ ಹೊಟ್ಟೆಯಲ್ಲ. ಕನಿಷ್ಠ 8 ಗಂಟೆ ಬರೀ ನೀರು ಮಾತ್ರ. ಚಹಾ ಕುಡಿದವರದ್ದನ್ನು "ಊಟದ ನಂತರ" ಅಥವಾ "ಯಾವಾಗಲೋ" ಅಂತ ಬೇರೆ ಕಾಲಮ್ಮಿನಲ್ಲಿ ಬರೆಯಿರಿ. ಮೊದಲ ಆರು ತಿಂಗಳು ಮಧ್ಯಾಹ್ನದ ಅಂಕಿ, ನಂತರದ ಆರು ತಿಂಗಳು ಬೆಳಗಿನ ಅಂಕಿ ತೆಗೆದುಕೊಂಡು ಸುಧಾರಣೆ ಅಂತ ತೋರಿಸಿದರೆ ಅದು ಸುಧಾರಣೆಯೇ ಅಲ್ಲ. ಕಬ್ಬು, ಬೆಲ್ಲ, ದ್ರಾಕ್ಷಿ ಕೆಲಸದಿಂದ ನೇರ ಬಂದವರ ಕೈ ತೊಳೆಸಿ, ಒರೆಸಿ, ಆಮೇಲೆ ಬೆರಳು ಚುಚ್ಚಿ. ಬೆರಳಿಗೆ ಅಂಟಿದ ಸಿಹಿಯೂ ಅಂಕಿ ಏರಿಸುತ್ತದೆ.

ಎಚ್‌ಬಿಎ1ಸಿ ಸಿಕ್ಕರೆ ಒಳ್ಳೆಯದು, ಅದು ಹಿಂದಿನ ಎರಡು ಮೂರು ತಿಂಗಳ ಸರಾಸರಿ ಹೇಳುತ್ತದೆ. ಆದರೆ ಅದನ್ನು ಪ್ರತಿ ತಿಂಗಳೂ ಮಾಡಿ ಪ್ರಯೋಜನವಿಲ್ಲ. ಕಬ್ಬಿಣದ ಕೊರತೆಯ ರಕ್ತಹೀನತೆ ಇದ್ದವರಲ್ಲಿ ಅದು ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಇತ್ತೀಚೆಗೆ ರಕ್ತ ಹೋದವರಲ್ಲಿ, ರಕ್ತ ಹಾಕಿಸಿಕೊಂಡವರಲ್ಲಿ ಕಡಿಮೆ ತೋರಿಸಬಹುದು. ನಮ್ಮ ಕಡೆ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಸಾಮಾನ್ಯ. ಪಕ್ಕದಲ್ಲಿ ಹಿಮೋಗ್ಲೋಬಿನ್ ಅಂಕಿಯನ್ನೂ ಬರೆದುಕೊಳ್ಳಿ.

## ಹಂತ 6: ಹಿಂದಿನ ಒಂದು ವರ್ಷವನ್ನು ಕಟ್ಟಿ

ಬದಲಾವಣೆಗೆ ಹಿಂದಿನ ತಿಂಗಳ ಒಂದೇ ಅಂಕಿ ತೆಗೆದುಕೊಂಡು ಹೋಲಿಸುವುದು ಎರಡನೇ ದೊಡ್ಡ ತಪ್ಪು. ಹಿಂದಿನ 12 ತಿಂಗಳದ್ದು ಬೇಕು, ತಿಂಗಳು ತಿಂಗಳಾಗಿ.

ಯಾಕೆಂದರೆ ವರ್ಷ ಪೂರ್ತಿ ಒಂದೇ ಥರ ಇರುವುದಿಲ್ಲ. ನಾಗರ ಪಂಚಮಿಗೆ ಮನೆ ಮನೆಯಲ್ಲಿ ಉಂಡಿ. ಯುಗಾದಿಗೆ, ಹೋಳಿ ಹಬ್ಬಕ್ಕೆ ಹೋಳಿಗೆ ಊಟ. ಸಂಕ್ರಾಂತಿ ಸುತ್ತ ವಿಜಯಪುರದಲ್ಲಿ ಸಿದ್ಧೇಶ್ವರ ಜಾತ್ರೆ, ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ. ಸುಗ್ಗಿಯಲ್ಲಿ, ಕಬ್ಬಿನ ಹಂಗಾಮಿನಲ್ಲಿ ಕ್ಲಿನಿಕ್ಕಿಗೆ ಬರುವವರೇ ಕಡಿಮೆ. ಆಗಸ್ಟ್ ತಿಂಗಳನ್ನು ಫೆಬ್ರವರಿಗೆ ಹೋಲಿಸಿದರೆ ನೀವು ಅಳೆಯುವುದು ಹಬ್ಬವನ್ನು, ಸೇವೆಯನ್ನಲ್ಲ. ಈ ವರ್ಷದ ಜುಲೈ-ಸೆಪ್ಟೆಂಬರನ್ನು ಹೋದ ವರ್ಷದ ಜುಲೈ-ಸೆಪ್ಟೆಂಬರಿಗೇ ಹೋಲಿಸಿ.

ಇನ್ನೊಂದು ಬಲೆ ಇದೆ. ಸಕ್ಕರೆ 300 ದಾಟಿದವರನ್ನೇ ಆರಿಸಿ ವಿಶೇಷ ಕ್ಲಿನಿಕ್ಕಿಗೆ ಸೇರಿಸುತ್ತಾರೆ. ಮೂರು ತಿಂಗಳಿಗೆ ಅವರ ಸರಾಸರಿ ಇಳಿಯುತ್ತದೆ. ಏನೂ ಮಾಡದಿದ್ದರೂ ಸ್ವಲ್ಪ ಇಳಿಯುತ್ತಿತ್ತು! ಯಾರದ್ದೇ ಆಗಲಿ, ಸಕ್ಕರೆ ತೀರಾ ಏರಿದ್ದ ದಿನ ಅಳೆದರೆ ಮುಂದಿನ ಸಲ ಅವರ ಮಾಮೂಲಿ ಮಟ್ಟದ ಕಡೆಗೆ ಬರುವುದೇ ಹೆಚ್ಚು. ಹೀಗಾಗಿ ಅತಿ ಹೆಚ್ಚು ಇದ್ದವರನ್ನಷ್ಟೇ ಅಳೆಯಬೇಡಿ, ಇಡೀ ಪಟ್ಟಿಯನ್ನು ಅಳೆಯಿರಿ. ಅದಾಗದಿದ್ದರೆ ಅಷ್ಟೇ ಹೆಚ್ಚು ಇದ್ದ, ಆದರೆ ಕ್ಲಿನಿಕ್ ಸಿಗದ ಇನ್ನೊಂದು ಗುಂಪಿನ ಜೊತೆ ಹೋಲಿಸಿ.

## ಹಂತ 7: ಬದಲಾವಣೆ ಆಗದ ಒಂದು ಕೇಂದ್ರವನ್ನು ಪಕ್ಕದಲ್ಲಿ ಇಡಿ

ನಿಮ್ಮಲ್ಲಿ ಹತೋಟಿ ಶೇ 30ರಿಂದ 42ಕ್ಕೆ ಏರಿತು ಅಂದುಕೊಳ್ಳಿ. ಅದೇ ಹೊತ್ತಿನಲ್ಲಿ ಏನೂ ಬದಲಾಯಿಸದ ಇನ್ನೊಂದು ಪಿಎಚ್‌ಸಿಯಲ್ಲಿ 32ರಿಂದ 39ಕ್ಕೆ ಏರಿತು. ನಿಮ್ಮದು 12, ಅವರದ್ದು 7. ನಿಮ್ಮ ಬದಲಾವಣೆಯ ಪಾಲು ಹೆಚ್ಚೆಂದರೆ 5. ಉಳಿದದ್ದು ಗುಳಿಗೆ ಸರಬರಾಜು ಸುಧಾರಿಸಿದ್ದಕ್ಕೋ, ಜಿಲ್ಲೆಗೆಲ್ಲ ನಡೆದ ತಪಾಸಣೆಗೋ ಸೇರಿದ್ದು.

ಹೋಲಿಕೆಯ ಕೇಂದ್ರ ಆರಿಸುವಾಗ ಊರಿನ ಸ್ವಭಾವ ಹೊಂದಬೇಕು. ಇಳಕಲ್ಲ, ರಬಕವಿ-ಬನಹಟ್ಟಿಯ ನೇಕಾರರ ಓಣಿಗೂ ಮುದ್ದೇಬಿಹಾಳದ ಒಣ ಬೇಸಾಯದ ಊರಿಗೂ ಹೋಲಿಕೆ ಆಗದು. ಕೂತು ಮಾಡುವ ಕೆಲಸ ಬೇರೆ, ಹೊಲದ ಕೆಲಸ ಬೇರೆ. ತೀರಾ ಪಕ್ಕದ ಪಿಎಚ್‌ಸಿಯೂ ಬೇಡ, ಅಲ್ಲಿಯ ರೋಗಿಗಳು ನಿಮ್ಮ ಕ್ಲಿನಿಕ್ಕಿಗೇ ಬಂದುಬಿಡುತ್ತಾರೆ.

ಬೇರೆ ಕೇಂದ್ರ ಸಿಗದಿದ್ದರೆ ನಿಮ್ಮ ಉಪಕೇಂದ್ರಗಳಲ್ಲೇ ಸರದಿ ಮಾಡಿ. ಚೀಟಿ ಎತ್ತಿ ಎರಡರಲ್ಲಿ ಜೂನ್‌ಗೆ, ಎರಡರಲ್ಲಿ ಸೆಪ್ಟೆಂಬರ್‌ಗೆ, ಉಳಿದವುಗಳಲ್ಲಿ ಡಿಸೆಂಬರ್‌ಗೆ ಶುರು ಮಾಡಿ. ಎಲ್ಲರಿಗೂ ಸಿಗುತ್ತದೆ, ಹೋಲಿಕೆಯೂ ಸಿಗುತ್ತದೆ. ನನ್ನ ಅಭಿಪ್ರಾಯದಲ್ಲಿ ನಮ್ಮ ಪಿಎಚ್‌ಸಿಗಳಿಗೆ ಇದೇ ಎಲ್ಲಕ್ಕಿಂತ ಒಳ್ಳೆಯ ದಾರಿ. ಆದರೆ ಚೀಟಿಯನ್ನು ನಿಜಕ್ಕೂ ಎತ್ತಿ. ಹುರುಪಿನ ಸಿಎಚ್‌ಒ ಇರುವ ಕಡೆ ಮೊದಲು ಶುರು ಮಾಡಿದರೆ ನೀವು ಅಳೆಯುವುದು ಅವರ ಹುರುಪನ್ನು.

ಎಷ್ಟು ಜನ ಬೇಕು ಅನ್ನುವ ಪ್ರಶ್ನೆ ಇಲ್ಲೇ ಬರುತ್ತದೆ. ಹತೋಟಿ ಶೇ 40ರಿಂದ 50ಕ್ಕೆ ಏರಿದ್ದನ್ನು ನಂಬಿಕೆಯಿಂದ ಹೇಳಲು ಪ್ರತಿ ಗುಂಪಿನಲ್ಲಿ ಸುಮಾರು 390 ಜನ ಬೇಕು. ಒಂದು ಕೇಂದ್ರದ ರೋಗಿಗಳು ಒಬ್ಬರಿಗೊಬ್ಬರು ಹೋಲುವುದರಿಂದ ನಿಜಕ್ಕೂ ಇನ್ನೂ ಜಾಸ್ತಿ ಬೇಕು. 50 ಜನರ ಕ್ಲಿನಿಕ್ಕಿನಲ್ಲಿ ಶೇ 4 ಏರಿದ್ದು ಅಂದರೆ ಎರಡು ಜನ. ಅದನ್ನು ಫಲಿತಾಂಶ ಅಂತ ಬರೆಯಬೇಡಿ.

## ಹಂತ 8: ಬದಲಾವಣೆ ನಿಜಕ್ಕೂ ನಡೆಯಿತಾ ನೋಡಿ

ಆದೇಶ ಹೊರಟಿತು ಅಂದರೆ ಕೆಲಸ ನಡೆಯಿತು ಅಂತಲ್ಲ. ಒಂದು ಡೈರಿ ಇಡಿ. ಕ್ಲಿನಿಕ್ ನಡೆಯಬೇಕಿದ್ದ ದಿನ, ನಡೆದ ದಿನ, ನಡೆಯದಿದ್ದರೆ ಕಾರಣ. ಸಿಎಚ್‌ಒ ತರಬೇತಿಗೆ ಹೋಗಿದ್ದರು, ಪೋಲಿಯೊ ಹನಿ ಇತ್ತು, ಚುನಾವಣೆ ಕೆಲಸ ಬಂತು, ಮೆಟ್‌ಫಾರ್ಮಿನ್ ಬಂದಿರಲಿಲ್ಲ. ಎಲ್ಲವನ್ನೂ ಬರೆಯಿರಿ.

ವರ್ಷದ ಕೊನೆಗೆ ಸಕ್ಕರೆ ಇಳಿದಿಲ್ಲ ಅಂದಾಗ ಈ ಡೈರಿಯೇ ಉತ್ತರ ಕೊಡುತ್ತದೆ. 52 ವಾರದಲ್ಲಿ 20 ವಾರ ಮಾತ್ರ ಕ್ಲಿನಿಕ್ ನಡೆದಿದ್ದರೆ "ಸಂತೆ ದಿನದ ಕ್ಲಿನಿಕ್ ಫಲ ಕೊಡುವುದಿಲ್ಲ" ಅನ್ನುವಂತಿಲ್ಲ. ಅದು ಸರಿಯಾಗಿ ನಡೆಯಲೇ ಇಲ್ಲ, ಅಲ್ವಾ?

## ಹಂತ 9: ತಿಂಗಳಿಗೊಂದು ಚುಕ್ಕೆ ಇಡಿ

ಗ್ರಾಫ್ ಹಾಳೆಯ ಅಡಿಗೆ ತಿಂಗಳು, ಎಡಕ್ಕೆ ಶೇಕಡ. ಇಲ್ಲಿಗೆ ಹೊಂದುವುದು ಹಂತ 4ರ 2ನೇ ಅಳತೆ. ಪ್ರತಿ ತಿಂಗಳ ಕೊನೆಗೆ ಹಿಂದಿನ ಮೂರು ತಿಂಗಳು ಅಂತ ತೆಗೆದುಕೊಂಡರೆ ಒಂದರ ಲೆಕ್ಕ ಇನ್ನೊಂದರಲ್ಲಿ ಸೇರುತ್ತದೆ, ಅದಕ್ಕೇ ಗ್ರಾಫಿಗೆ ಆಯಾ ತಿಂಗಳು ಬರಬೇಕಿದ್ದವರ ಪೈಕಿ ಬಂದವರು ಎಷ್ಟು ಅಂತ ಹಾಕಿ. ಹಿಂದಿನ 12 ತಿಂಗಳ ಚುಕ್ಕೆ ಇಟ್ಟು, ಅಂಕಿಗಳನ್ನು ಏರಿಕೆ ಕ್ರಮದಲ್ಲಿ ಬರೆದು ನಡುವಿನದ್ದನ್ನು ಹುಡುಕಿ. ಹನ್ನೆರಡರಲ್ಲಿ ಆರನೆಯ ಮತ್ತು ಏಳನೆಯ ಅಂಕಿಯ ಸರಾಸರಿ. ಅಲ್ಲಿ ಅಡ್ಡ ಗೆರೆ ಎಳೆದು ಮುಂದಿನ ವರ್ಷಕ್ಕೂ ಹಾಗೇ ಚಾಚಿ. ಬದಲಾವಣೆ ಶುರುವಾದ ತಿಂಗಳಿಗೆ ಒಂದು ಉದ್ದ ಗೆರೆ.

ಆಮೇಲಿನ ಚುಕ್ಕೆಗಳಲ್ಲಿ ಸತತ ಆರು ಅಥವಾ ಹೆಚ್ಚು ಗೆರೆಯ ಒಂದೇ ಬದಿಗೆ ಬಿದ್ದರೆ ಏನೋ ನಿಜವಾಗಿ ಬದಲಾಗಿದೆ. ಸತತ ಐದು ಚುಕ್ಕೆ ಏರುತ್ತಲೇ ಹೋದರೂ ಅಥವಾ ಇಳಿಯುತ್ತಲೇ ಹೋದರೂ ಹಾಗೆಯೇ. ಗೆರೆಯ ಮೇಲೇ ಬಿದ್ದ ಚುಕ್ಕೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಒಂದು ತಿಂಗಳು ಏರಿತು ಅಂತ ಸಂಭ್ರಮವೂ ಬೇಡ, ಒಂದು ತಿಂಗಳು ಬಿತ್ತು ಅಂತ ಪಿಎಚ್‌ಸಿಒ ಅವರಿಗೆ ನೋಟಿಸೂ ಬೇಡ.

ಈ ಲಕ್ಷಣ ಕಂಡರೆ ನಿಂತು ದಾಖಲೆ ಪರೀಕ್ಷಿಸಿ:

- ಹೆಚ್ಚಿನ ಬಿಪಿ 120/80, 130/80 ಅಂತಲೇ ಇದೆ. ಅಳೆಯದೆ ಬರೆದಿರಬಹುದು.
- ಸಕ್ಕರೆಯ ಅಂಕಿಗಳು 120ರಿಂದ 125ರ ನಡುವೆ ಗುಂಪಾಗಿವೆ, 126ರಿಂದ 130ರ ನಡುವೆ ಯಾರೂ ಇಲ್ಲ.
- ಒಟ್ಟು ಪಟ್ಟಿ ತಿಂಗಳಿಂದ ತಿಂಗಳಿಗೆ ಸಣ್ಣದಾಗುತ್ತಿದೆ, ತೀರಿಕೊಂಡವರ ಸಂಖ್ಯೆ ಅಷ್ಟಿಲ್ಲ.
- ಬಂದವರು ಹೆಚ್ಚಿದ್ದಾರೆ, ಆದರೆ ದಾಸ್ತಾನಿನಿಂದ ಹೊರಟ ಗುಳಿಗೆ ಅಷ್ಟೇ ಇದೆ.

ಇಂಥದ್ದು ಕಂಡಾಗ ಬೈಯಬೇಡಿ. ಗುರಿ ಮುಟ್ಟದಿದ್ದರೆ ಬೈಗುಳ ಅಂತ ಗೊತ್ತಿದ್ದ ಕಡೆ ಸುಳ್ಳು ಅಂಕಿ ಹುಟ್ಟುತ್ತದೆ. ಮೊದಲ ಸಭೆಯಲ್ಲೇ "ಕೆಟ್ಟ ಅಂಕಿ ತಂದವರಿಗೆ ಏನೂ ಆಗುವುದಿಲ್ಲ" ಅಂತ ವೈದ್ಯಾಧಿಕಾರಿ ಹೇಳಬೇಕು, ಆಮೇಲೆ ಹಾಗೆಯೇ ನಡೆದುಕೊಳ್ಳಬೇಕು.

## ಹಂತ 10: ಬಾರದವರ ಮನೆಗೆ ಹೋಗಿ ಕೇಳಿ

ಮೂರು ತಿಂಗಳಿಂದ ಬಾರದವರ ಪಟ್ಟಿಯಿಂದ ಚೀಟಿ ಎತ್ತಿ 15-20 ಜನರನ್ನು ಆರಿಸಿ. ರಸ್ತೆ ಬದಿಯ ಮನೆಗಳನ್ನೇ ಆರಿಸಿಕೊಂಡರೆ ತೋಟದ ವಸ್ತಿ, ತಾಂಡಾದವರು ತಪ್ಪಿಹೋಗುತ್ತಾರೆ.

ಕೇಳುವವರು ಆ ಓಣಿಯ ಆಶಾ ಆಗಿರಬಾರದು. ಅವರ ಮುಂದೆ ಅವರ ಸೇವೆಯ ದೂರನ್ನು ಯಾರು ಹೇಳುತ್ತಾರೆ? ಬೇರೆ ಉಪಕೇಂದ್ರದವರು ಹೋಗಲಿ. ಭಾಷೆ ನೋಡಿಕೊಳ್ಳಿ. ಬೆಳಗಾವಿಯ ಗಡಿಯಲ್ಲಿ ಮರಾಠಿ, ತಾಂಡಾಗಳಲ್ಲಿ ಲಂಬಾಣಿ, ಎಷ್ಟೋ ಮನೆಗಳಲ್ಲಿ ಉರ್ದು.

"ಯಾಕೆ ಬರಲಿಲ್ಲ" ಅಂತ ಕೇಳಿದರೆ ತಪ್ಪಿತಸ್ಥರಂತೆ ಮಾತು ನಿಲ್ಲಿಸುತ್ತಾರೆ. "ಕಡೇ ಸಲ ದವಾಖಾನೆಗೆ ಬಂದಾಗ ಏನೇನು ಆಯಿತು, ಬೆಳಿಗ್ಗೆ ಮನೆ ಬಿಟ್ಟಲ್ಲಿಂದ ಹೇಳಿ" ಅಂತ ಕೇಳಿ. ಬಸ್ಸು, ಸರದಿ, ಖಾಲಿ ಹೊಟ್ಟೆಯಲ್ಲಿ ಹನ್ನೆರಡರ ತನಕ ಕೂತದ್ದು, ಗುಳಿಗೆ ಇಲ್ಲ ಅಂತ ವಾಪಸ್ ಕಳಿಸಿದ್ದು, ಸೊಸೆ ಜೊತೆಗೆ ಬರಲು ಆಗದ್ದು, ಒಂದೊಂದಾಗಿ ಹೊರಗೆ ಬರುತ್ತದೆ. "ಶುಗರ್ ಇಳಿದಿದೆ, ಇನ್ನು ಗುಳಿಗೆ ಯಾಕೆ" ಅನ್ನುವವರು ಸಿಗುತ್ತಾರೆ. ಗುಳಿಗೆ ಬಿಟ್ಟು ಕಷಾಯ ಕುಡಿಯುವವರೂ ಸಿಗುತ್ತಾರೆ. ಅವರ ಮಾತನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ, ತಿದ್ದಲು ಹೋಗಬೇಡಿ. ಆದರೆ ಕಾಲಿನಲ್ಲಿ ಹುಣ್ಣು ಕಂಡರೆ, ತೀರಾ ನಿಶ್ಶಕ್ತರಾಗಿದ್ದರೆ, ಅಳತೆ ಅಲ್ಲಿಗೆ ಬಿಡಿ. ಮೊದಲು ದವಾಖಾನೆಗೆ ಕಳಿಸಿ.

ಅಂಕಿಗಳನ್ನೂ ಇದೇ ಕಣ್ಣಿನಿಂದ ಒಡೆದು ನೋಡಿ. ಹೆಂಗಸರು-ಗಂಡಸರು, ಪಿಎಚ್‌ಸಿ ಇರುವ ಊರು-ದೂರದ ಊರು, ತಾಂಡಾ ಮತ್ತು ಪರಿಶಿಷ್ಟರ ಕೇರಿ. ಒಟ್ಟು ಅಂಕಿ ಏರಿ ಈ ಕೇರಿಗಳಲ್ಲಿ ಇಳಿದಿದ್ದರೆ, ಬದಲಾವಣೆ ಹತ್ತಿರದವರಿಗೆ ಮಾತ್ರ ಅನುಕೂಲ ಮಾಡಿದೆ ಅಂತ ಅರ್ಥ.

## ಹಂತ 11: ತೀರ್ಮಾನ ಮತ್ತು ವರದಿ

ಎರಡು ಪುಟ ಸಾಕು. ಮೊದಲ ಪುಟದಲ್ಲಿ ಹಂತ 1ರ ವಾಕ್ಯ, ಹಂತ 2ರಲ್ಲಿ ಸಹಿ ಮಾಡಿದ ಗೆರೆ, ಒಟ್ಟು ಪಟ್ಟಿಯ ಲೆಕ್ಕ, ಗ್ರಾಫ್. ಎರಡನೇ ಪುಟದಲ್ಲಿ ಹೋಲಿಕೆ ಕೇಂದ್ರದ ಅಂಕಿ, ಸಕ್ಕರೆ ಇಳಿದ ಘಟನೆಗಳು, ಬಾರದವರು ಹೇಳಿದ್ದು, ಸಿಬ್ಬಂದಿಗೆ ತಗುಲಿದ ಹೆಚ್ಚಿನ ಹೊತ್ತು ಮತ್ತು ಖರ್ಚು. ಒಂದೇ ಒಂದು ಹೆಸರೂ ವರದಿಯಲ್ಲಿ ಇರಬಾರದು. ಹಾಳೆಯಲ್ಲಿ ಸಂಖ್ಯೆ ಮಾತ್ರ, ಸಂಖ್ಯೆಗೆ ಹೆಸರು ಜೋಡಿಸುವ ಪುಸ್ತಕ ವೈದ್ಯಾಧಿಕಾರಿಯ ಬೀರುವಿನಲ್ಲಿ.

ಕೊನೆಯ ಸಾಲಿನಲ್ಲಿ ಮೂರರಲ್ಲಿ ಒಂದನ್ನು ಬರೆಯಲೇಬೇಕು: ಮುಂದುವರಿಸುತ್ತೇವೆ, ತಿದ್ದಿ ಮುಂದುವರಿಸುತ್ತೇವೆ, ನಿಲ್ಲಿಸುತ್ತೇವೆ. ತಿದ್ದುವುದಾದರೆ ಏನನ್ನು, ಯಾವತ್ತಿನಿಂದ ಅಂತಲೂ ಬರೆಯಿರಿ, ಆ ದಿನಾಂಕಕ್ಕೆ ಗ್ರಾಫಿನಲ್ಲಿ ಇನ್ನೊಂದು ಉದ್ದ ಗೆರೆ ಎಳೆಯಿರಿ. "ಇನ್ನಷ್ಟು ಅಧ್ಯಯನ ಬೇಕು" ಅಂತ ಮುಗಿಸಿದರೆ ಟಿಎಚ್‌ಒ (ತಾಲ್ಲೂಕು ಆರೋಗ್ಯಾಧಿಕಾರಿ) ಕಚೇರಿಯಲ್ಲಿ ಅದು ಫೈಲಿಗೆ ಸೇರುತ್ತದೆ, ಅಷ್ಟೇ.

ವರದಿಯ ಒಂದು ಪ್ರತಿ ಟಿಎಚ್‌ಒ ಅವರಿಗೆ, ಒಂದು ಆರೋಗ್ಯ ರಕ್ಷಾ ಸಮಿತಿಗೆ. ಮುಂದಿನ ತಿಂಗಳ ಆಶಾ ಸಭೆಯಲ್ಲಿ ಗ್ರಾಫನ್ನು ಗೋಡೆಗೆ ಹಚ್ಚಿ, ಹತ್ತು ನಿಮಿಷದಲ್ಲಿ ಕನ್ನಡದಲ್ಲೇ ವಿವರಿಸಿ. ಬಾರದವರ ಪಟ್ಟಿಯನ್ನು ಮಾತ್ರ ಗೋಡೆಗೆ ಹಚ್ಚಬೇಡಿ. ಪ್ರತಿಯೊಬ್ಬ ಆಶಾ ಅವರ ಕೈಗೆ ಅವರವರ ಓಣಿಯ ಹೆಸರುಗಳನ್ನಷ್ಟೇ ಕೊಡಿ, ಮುಂದಿನ ಸಂತೆಯೊಳಗೆ ಯಾರನ್ನು ಮೊದಲು ನೋಡಬೇಕು ಅಂತ ಗುರುತು ಹಾಕಿ: ಇನ್ಸುಲಿನ್ ಮೇಲೆ ಇದ್ದವರು, ಕಾಲಿನಲ್ಲಿ ಗಾಯ ಇದ್ದವರು, ಒಬ್ಬರೇ ಇರುವ ಮುದುಕರು.